ಸೊನ್ನೆಯಿಲ್ಲದ ಸುರಂಗ

ನಲವತ್ತೆಂಟು ತಾಸು ಅಂದರೆ ಎಷ್ಟು ಅಂತ
ಶುಕ್ರವಾರ ಸಂಜೆ ಆರಕ್ಕೆ ನನಗೆ ಗೊತ್ತಿರಲಿಲ್ಲ.
ಆಗ ಅದು ಕೆರೆಯಷ್ಟು ಕಂಡಿತ್ತು.

ಬೀದರಿನ ಪಾಲಿಟೆಕ್ನಿಕ್ಕು, ಲ್ಯಾಬಿನ ಕೀಲಿ ನನ್ನ ಸೊಂಟದಲ್ಲಿ,
ಎರಡು ಕಂಪ್ಯೂಟರು, ಒಂದು ಕೂಲರು, ಒಂದು ಡಬ್ಬಿ ಸುಸಲಾ.
ಶಾಹಿಸ್ತಾ ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡು ಬಂದಳು.
ಚಾಚಾನ ಕಾರ್ಖಾನೆಯಲ್ಲಿ
ಹೂಜಿಗಳ ಮೇಲೆ ಬಳ್ಳಿ ಬರೆಯುವ ಕೈ ಅದು.
ಆರೂ ಐದಕ್ಕೆ ಆಟದ ವಿಷಯ ಬಂತು: ‘ಕೆಳಗೆ’.
ಇಬ್ಬರೂ ಒಮ್ಮೆಗೇ ಅಂದೆವು, ನೌಬಾದಿನ ಸುರಂಗ ಬಾವಿ.

ನೆಲದಡಿ ಒಂದು ಹನಿ ನಡೆಯಬೇಕು,
ಇಪ್ಪತ್ತೊಂದು ಬಾಯಿ ದಾಟಿ ಕೋಟೆ ಮುಟ್ಟಬೇಕು.
ಬಾಯಿಗೊಂದು ಕಥೆ, ಕಥೆಗೊಬ್ಬ ವೈರಿ,
ಚೇಳು, ಬಾವಲಿ, ಸಿಪಾಯಿಗಳ ಭೂತ,
ಗೆದ್ದರೆ ಪಟಾಕಿ.
ಬರೆಯುತ್ತ ಬರೆಯುತ್ತ ಬಳಪ ಮುಗಿಯಿತು.
ಅದು ಸೂಚನೆ.
ನಾವು ಇನ್ನೊಂದು ಬಳಪ ತಂದೆವು.

ಶನಿವಾರ ಬೆಳಕು ಹರಿದಾಗ
ಹನಿ ಬಲಕ್ಕೆ ಹೋಗುತ್ತಿತ್ತು, ಎಡಕ್ಕೆ ಬರುತ್ತಿರಲಿಲ್ಲ,
ಗೋಡೆಗೆ ತಾಗಿದರೆ ಗೋಡೆಯೊಳಗೇ ಹೋಗುತ್ತಿತ್ತು.
ನಾನೊಂದು ಅಲ್ಪವಿರಾಮ ಬಿಟ್ಟಿದ್ದೆ.
ಅದು ಸಿಗುವಷ್ಟರಲ್ಲಿ ಸುಸಲಾ ಹಳಸಿತ್ತು.

ಶಾಹಿಸ್ತಾ ಹನ್ನೊಂದು ತಾಸು ಕೂತು
ಕೋಟೆಯ ದರವಾಜ ಬರೆದಿದ್ದಳು,
ಕಮಾನಿನ ಒಂದೊಂದು ಹೂವನ್ನೂ.
ಹನಿ ಅಲ್ಲಿಗೆ ಮುಟ್ಟುವುದೇ ಇಲ್ಲ ಅಂತ
ಹೇಳಲು ನನಗೆ ಎರಡು ಕಪ್ಪು ಚಹಾ ಬೇಕಾಯಿತು.
ಅವಳು ಏನೂ ಅನ್ನಲಿಲ್ಲ.
ನಳಕ್ಕೆ ಹೋಗಿ ಮುಖ ತೊಳೆದು ಬಂದು
ಪರದೆ ಪೂರಾ ಕಪ್ಪು ಮಾಡಿದಳು.
“ಚಾಚಾ ಹಿಂಗೇ ಮಾಡ್ತಾರ. ಕೋಟಿ ಮಣ್ಣಿನ ನೀರಾಗ ಅದ್ದಿದ ಮ್ಯಾಲ
ಎಲ್ಲಾ ಕರ್ರಗ ಆಗ್ತದ, ಬೆಳ್ಳಿ ಒಂದೇ ಉಳೀತದ.
ನಮ್ದು ಬೆಳ್ಳಿ ಯಾವುದು, ಹೇಳು.”

ಹನಿ, ಅಂದೆ.
ಬಾಯಿಂದ ಇಳಿಯುವ ಬೆಳಕು, ಅಂದೆ.
ಇಪ್ಪತ್ತೊಂದರಲ್ಲಿ ಹದಿನೆಂಟು ಅಳಿಸಿದೆವು.
ಚೇಳು ಹೋಯಿತು, ಭೂತಗಳು ಹೋದವು,
ಪಟಾಕಿಯ ಹತ್ತಿರ ಮಾತ್ರ
ನನ್ನ ಬೆರಳು ಸ್ವಲ್ಪ ಹೊತ್ತು ನಿಂತಿತ್ತು.

ಮಟಮಟ ಮಧ್ಯಾಹ್ನ ಸ್ಕೂಟಿ ಹತ್ತಿ
ನೌಬಾದಿನಲ್ಲಿ ಫೋನಿಗೆ ಹಗ್ಗ ಕಟ್ಟಿ ಇಳಿಬಿಟ್ಟೆವು.
ನೀರಿನ ಸದ್ದು ಬೇಕಿತ್ತು.
ಬಂದದ್ದು ಪಾರಿವಾಳದ ರೆಕ್ಕೆ,
ಹಿಂದೆ ಎಲ್ಲೋ ನೀರು ಇದ್ದರೂ ಇರಬಹುದು.
ಬೇರೆ ತರಲು ಹೊತ್ತಿಲ್ಲ. ಅದನ್ನೇ ಹಾಕಿದೆವು.

ರವಿವಾರ ಕೂಲರು ಕೆಟ್ಟಿತು.
ರಿಪೇರಿಗೆ ಬಂದ ವೈಜಿನಾಥ ಕಾಕಾನನ್ನು
ಮುಗಿದ ಮೇಲೆ ಕುರ್ಚಿಗೆ ಕೂರಿಸಿದೆವು.
ಮಾತಾಡಬಾರದು ಅಂತ ನಮ್ಮಲ್ಲೇ ಕರಾರು.
ನಾನು ಕೂತು ಬರೆದ ಐದು ಸಾಲಿನ ಸೂಚನೆ
ಅವನು ಓದಲಿಲ್ಲ. “ಚಾಳೀಸು ಮನ್ಯಾಗದ.”
ಬೆರಳು ಗುಂಡಿಗಳ ಮೇಲೆ ಹಾಗೇ ಇಟ್ಟು
ಕೂತ. ಕೂತೇ ಇದ್ದ.
ಕಪ್ಪಿನಲ್ಲಿ ಹನಿಯೂ ಕೂತಿತ್ತು.
“ಕಾಕಾ, ಯಾಕ ಒತ್ತವಲ್ಲರಿ?” ಕರಾರು ಮುರಿದದ್ದು ನಾನೇ.
“ತಡೀ ತಂಗೀ. ನೀರು ಬರೋತನಕ ನಿಂದ್ರಬೇಕಲ್ಲ.”

ಹನಿ ಉಬ್ಬತೊಡಗಿತು.
ನಿಂತರೆ ದಪ್ಪಗಾಗುವ ಆ ತಪ್ಪು
ತಿದ್ದುವ ಪಟ್ಟಿಯಲ್ಲಿ ನಾಲ್ಕನೆಯದಾಗಿತ್ತು.
ನಾವು ಯಾರೂ ಹಾರಿ ದಾಟಲಾಗದ ಆ ಕಂದಕವನ್ನು
ಹನಿ ಹಾರಲಿಲ್ಲ, ತುಂಬಿಕೊಂಡು ಆಚೆ ಹೋಯಿತು.
ಶಾಹಿಸ್ತಾ ನನ್ನ ಮೊಣಕೈ ಹಿಂಡಿದಳು.
ನಾಲ್ಕನೆಯದನ್ನು ಹೊಡೆದು ಹಾಕಿದೆ.
ಐದು ಸಾಲಿನ ಸೂಚನೆಯನ್ನೂ.

ಆರಕ್ಕೆ ಏಳು ನಿಮಿಷ ಇದ್ದಾಗ ಕಳಿಸಿದೆವು.
ಅವಸರದಲ್ಲಿ ಹೆಸರಿನ ಸೊನ್ನೆ ಬಿಟ್ಟುಹೋಯಿತು.
ಈಗಲೂ ಅದು ‘ಸುರಗ’.
ಹತ್ತೊಂಬತ್ತು ಜನ ಆಡಿದರಂತೆ,
ಅದರಲ್ಲಿ ನಾನು ಎರಡು ಸಲ.

ಏನು ಕಲಿತಿರಿ ಅಂತ ಪ್ರಿನ್ಸಿಪಾಲರು ಕೇಳಿದರು.
ಸಣ್ಣದು ಮಾಡಬೇಕು ಸರ್, ಅಂದೆ. ಸುಳ್ಳೇನಲ್ಲ.
ಆದರೆ ಮೂರನೆಯ ಬಾಯಿಯ ಸುದ್ದಿ ಹೇಳಲಿಲ್ಲ:
ಕಪ್ಪಿನಲ್ಲಿ ಆ ರೆಕ್ಕೆ ಪಟಪಟ ಅಂದಾಗ
ವೈಜಿನಾಥ ಕಾಕಾ ಪರದೆ ಬಿಟ್ಟು
ತಲೆ ಎತ್ತಿ ಲ್ಯಾಬಿನ ಗವಾಕ್ಷಿ ನೋಡಿದ.
“ಒಳಗ ಪಾರಿವಾಳ ಹೊಕ್ಕದೇನು?”

ಗೊತ್ತಿದ್ದೂ
ನಾವಿಬ್ಬರೂ ಮೇಲೆ ನೋಡಿದೆವು.